ಜನನ ದಾಖಲೆ ಕೋರುವ ಅರ್ಜಿ ನಮೂನೆಯನ್ನು ಪರಿಷ್ಕರಿಸುವುದು ಹೇಗೆ: ಕಚೇರಿ ಸಿಬ್ಬಂದಿಗೂ ಸೇವಾ ಕೇಂದ್ರದವರಿಗೂ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಸೇವಾವಧಿಯ ಹೆಚ್ಚಿನ ಕಾಲ ತಾಲ್ಲೂಕು ಕಚೇರಿಯೊಂದರ ಅಭಿಲೇಖಾಲಯದಲ್ಲಿ (ರೆಕಾರ್ಡ್ ರೂಮಿನಲ್ಲಿ) ಹಳೆಯ ಜನನ ರಿಜಿಸ್ಟರ್‌ಗಳನ್ನು ಹುಡುಕುವ ಕೆಲಸದಲ್ಲೇ ಕಳೆಯಿತು. ಅಲ್ಲಿ ಒಬ್ಬ ಹಿರಿಯ ಹೆಂಗಸು ತನ್ನ ಮಗಳ ಜನನ ದಾಖಲೆಗಾಗಿ ಮೂರು ಸಲ ಬಂದು ಬರಿಗೈಯಲ್ಲಿ ಹಿಂತಿರುಗಿದ್ದರು. ನಮ್ಮ ಅರ್ಜಿಯಲ್ಲಿ ‘ಗ್ರಾಮ’ ಎಂಬ ಒಂದೇ ಕಾಲಂ ಇತ್ತು. ಅವರು ಗಂಡನ ಊರನ್ನು ಬರೆಸಿದ್ದರು. ನಾವು ಆ ಊರಿನ ಐದು ವರ್ಷದ ರಿಜಿಸ್ಟರ್‌ಗಳನ್ನು ಪುಟಪುಟವಾಗಿ ನೋಡಿ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟಿದ್ದೆವು. ನಾಲ್ಕನೆಯ ಸಲ ಅವರು, “ಚೊಚ್ಚಲು ಹೆರಿಗೆ ತವರ್ನಾಗೇ ಅಲ್ವಾ ಸ್ವಾಮಿ ಆಗೋದು? ನೀವು ಅದನ್ನ ಕೇಳ್ನೇ ಇಲ್ವಲ್ಲ” ಎಂದರು. ಪಕ್ಕದ ತಾಲ್ಲೂಕಿನಲ್ಲಿ ಅರ್ಧ ಗಂಟೆಯೊಳಗೆ ದಾಖಲೆ ಸಿಕ್ಕಿತು. ತಪ್ಪು ಅವರದಾಗಿರಲಿಲ್ಲ, ರಿಜಿಸ್ಟರ್‌ದೂ ಆಗಿರಲಿಲ್ಲ. ಕೇಳಬೇಕಾದುದನ್ನು ಕೇಳದ ನಮ್ಮ ಅರ್ಜಿಯದಾಗಿತ್ತು.

ಈ ಮಾರ್ಗದರ್ಶಿಯನ್ನು ಬರೆಯುತ್ತಿರುವುದು ಆ ಕಾರಣಕ್ಕೆ. ಜನನ ಮರಣ ನೋಂದಣಿ ಕಾನೂನಿನ 2023ರ ತಿದ್ದುಪಡಿ ಜಾರಿಗೆ ಬಂದ ಮೇಲೂ ಅನೇಕ ಕಡೆ ಹಳೆಯ ನಮೂನೆಯ ಜೆರಾಕ್ಸ್‌ನ ಜೆರಾಕ್ಸ್ ಬಳಕೆಯಲ್ಲಿದೆ. ಅದನ್ನು ಹೊಸದಾಗಿ ಬರೆಯುವವರು ಒಂದೇ ಮಾತನ್ನು ನೆನಪಿಟ್ಟರೆ ಸಾಕು: ಅರ್ಜಿ ಎಂಬುದು ರಿಜಿಸ್ಟರ್‌ನೊಳಗೆ ದಾರಿ ತೋರಿಸುವ ಕಾಗದ. ರಿಜಿಸ್ಟರ್ ಯಾವ ಕ್ರಮದಲ್ಲಿದೆಯೋ ಆ ಕ್ರಮದಲ್ಲೇ ಅರ್ಜಿ ಪ್ರಶ್ನೆ ಕೇಳಬೇಕು. ರಿಜಿಸ್ಟರ್‌ನಲ್ಲಿ ಹುಡುಕಲು ನೆರವಾಗದ ಪ್ರಶ್ನೆಯನ್ನು ಕೇಳಬಾರದು.

ಮೊದಲ ಹಂತ: ಮುಟ್ಟಬಹುದಾದ ನಮೂನೆ ಯಾವುದು, ಮುಟ್ಟಬಾರದ್ದು ಯಾವುದು

ಕಚೇರಿಯಲ್ಲಿ ಜನನಕ್ಕೆ ಸಂಬಂಧಿಸಿದ ಎಲ್ಲ ಕಾಗದಗಳನ್ನೂ ಒಂದು ಮೇಜಿನ ಮೇಲೆ ಹರಡಿಕೊಳ್ಳಿ. ಅವುಗಳಲ್ಲಿ ಕೆಲವು ಜನನ ಮರಣ ನೋಂದಣಿ ಅಧಿನಿಯಮ, 1969ರ ಅಡಿಯ ನಿಯಮಗಳೇ ಗೊತ್ತುಪಡಿಸಿದ ನಮೂನೆಗಳು. ನಮೂನೆ 1 ಜನನ ವರದಿ. ಅದರ ಕಾನೂನು ಭಾಗವೇ ಮುಂದೆ ರಿಜಿಸ್ಟರ್ ಆಗುತ್ತದೆ, ಸಾಂಖ್ಯಿಕ ಭಾಗ ಅಂಕಿ ಅಂಶಗಳಿಗಾಗಿ ಬೇರೆಯಾಗುತ್ತದೆ. ನಮೂನೆ 5 ಜನನ ಪ್ರಮಾಣಪತ್ರ, ನಮೂನೆ 7 ಜನನ ರಿಜಿಸ್ಟರ್, ನಮೂನೆ 10 ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ. ಇವುಗಳ ಒಂದು ಕಾಲಂ ಅನ್ನೂ ಕಚೇರಿ ಮಟ್ಟದಲ್ಲಿ ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ರಾಜ್ಯದಲ್ಲಿ ಮುಖ್ಯ ನೋಂದಣಾಧಿಕಾರಿಗಳ ಹೊಣೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರದು. ನೋಂದಣಿಗೆ ಬಳಸುವ ಇ-ಜನ್ಮ ತಂತ್ರಾಂಶದ ಪರದೆಗಳು ಅಲ್ಲಿಂದ ಬರುತ್ತವೆ, ಅವೂ ನಮ್ಮ ಕೈಯಲ್ಲಿಲ್ಲ.

ಉಳಿಯುವುದು, ಸಾರ್ವಜನಿಕರು ‘ನನಗೆ ಇಂಥ ದಾಖಲೆ ಹುಡುಕಿ ಕೊಡಿ’ ಎಂದು ಇದೇ ಅಧಿನಿಯಮದ ಪ್ರಕರಣ (ಸೆಕ್ಷನ್) 17ರ ಅಡಿಯಲ್ಲಿ ಕೊಡುವ ಕೋರಿಕೆ ಅರ್ಜಿ, ಅದರ ಜೊತೆಗಿನ ಸೂಚನಾ ಹಾಳೆ, ಸ್ವೀಕೃತಿ ಚೀಟಿ ಮತ್ತು ಹಿಂಬರಹದ ಮಾದರಿ. ಈ ನಾಲ್ಕನ್ನು ಚೆನ್ನಾಗಿ ಬರೆದರೆ ಜನರ ಅಲೆದಾಟ ಎಷ್ಟು ಕಡಿಮೆಯಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಧಿಕಾರಿಗಳು ಈಗಾಗಲೇ ಅರ್ಜಿಯ ಮಾದರಿಯನ್ನು ಕಳುಹಿಸಿದ್ದರೆ ಅದನ್ನೇ ಇಟ್ಟುಕೊಂಡು, ನೀವು ಬರೆದದ್ದನ್ನು ಪೂರಕ ಹಾಳೆಯಾಗಿ ಸೇರಿಸುವುದು ಸರಿಯಾದ ದಾರಿ.

ಎರಡನೆಯ ಹಂತ: ತಿರಸ್ಕೃತ ಅರ್ಜಿಗಳನ್ನು ಓದಿ

ಹೊಸ ನಮೂನೆಯ ಕರಡು ಬರೆಯುವ ಮೊದಲು, ಹಿಂದಿನ ಒಂದು ವರ್ಷದಲ್ಲಿ ವಾಪಸಾದ ಅಥವಾ ‘ಲಭ್ಯವಿಲ್ಲ’ ಎಂದು ಮುಕ್ತಾಯವಾದ ಅರ್ಜಿಗಳ ಕಡತವನ್ನು ತೆಗೆಸಿ. ಪ್ರತಿಯೊಂದರ ಷರಾ ಕಾಲಂನಲ್ಲಿ ಏನು ಬರೆದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಎಣಿಸಿ: ಊರು ತಪ್ಪು, ವರ್ಷ ತಪ್ಪು, ಮಗುವಿನ ಹೆಸರಿಲ್ಲ, ತಂದೆಯ ಹೆಸರು ಬೇರೆ, ವ್ಯಾಪ್ತಿ ನಮ್ಮದಲ್ಲ, ಅಡಕ (ಜೊತೆಗಿಡಬೇಕಾದ ಕಾಗದ) ಇಲ್ಲ. ಯಾವ ಸಾಲಿನಲ್ಲಿ ಗೀಟು ಹೆಚ್ಚಿದೆಯೋ ಆ ಪ್ರಶ್ನೆಗೆ ನಿಮ್ಮ ಅರ್ಜಿಯಲ್ಲಿ ಹೆಚ್ಚು ಜಾಗ ಬೇಕು. ಇದಕ್ಕೆ ಒಂದು ದಿನ ಹಿಡಿಯಬಹುದು. ಆ ದಿನವನ್ನು ಉಳಿಸಲು ಹೋಗಬೇಡಿ.

ಮೂರನೆಯ ಹಂತ: ಬಂದವರಿಗೆ ಬೇಕಾದುದು ಏನೆಂದು ಮೊದಲೇ ಕೇಳಿ

ಎಲ್ಲರೂ ಬಾಯಲ್ಲಿ ಹೇಳುವುದು ‘ಬರ್ತ್ ಸರ್ಟಿಫಿಕೇಟ್ ಬೇಕು’ ಎಂದೇ. ಆ ಮಾತಿನ ಹಿಂದೆ ಐದು ಬೇರೆ ಬೇರೆ ಕೆಲಸಗಳಿರುತ್ತವೆ: ಈಗಾಗಲೇ ನೋಂದಣಿಯಾದ ಜನನದ ಮತ್ತೊಂದು ಪ್ರಮಾಣಪತ್ರ, ನೋಂದಣಿಯಾಗಿದೆಯೋ ಇಲ್ಲವೋ ತಿಳಿಯದೆ ಹುಡುಕಿಸುವುದು, ಹೆಸರಿಲ್ಲದ ದಾಖಲೆಗೆ ಹೆಸರು ಸೇರಿಸುವುದು, ತಪ್ಪು ತಿದ್ದಿಸುವುದು, ನೋಂದಣಿಯೇ ಆಗದ ಜನನವನ್ನು ತಡವಾಗಿ ನೋಂದಾಯಿಸುವುದು. ಅರ್ಜಿಯ ತಲೆಭಾಗದಲ್ಲೇ ಈ ಐದಕ್ಕೂ ಚೌಕಗಳಿರಲಿ. ಚೌಕದ ಪಕ್ಕದಲ್ಲಿ ಕಾನೂನಿನ ಪ್ರಕರಣ ಸಂಖ್ಯೆಯನ್ನು ದೊಡ್ಡದಾಗಿ ಹಾಕುವ ಬದಲು, ‘ಮಗುವಿನ ಹೆಸರು ದಾಖಲೆಯಲ್ಲಿ ಇಲ್ಲ, ಸೇರಿಸಬೇಕು’ ಎಂಬಂಥ ಮಾತನ್ನೇ ಬರೆಯಿರಿ. ಪ್ರಕರಣ ಸಂಖ್ಯೆ ಕಚೇರಿ ಬಳಕೆಯ ಭಾಗಕ್ಕೆ ಹೋಗಲಿ.

ಹೆಸರು ಸೇರಿಸುವ ಚೌಕದ ಬಗ್ಗೆ ಒಂದು ಮಾತು. ಹೆರಿಗೆಯಾದ ಕೂಡಲೇ ವರದಿ ಹೋಗುತ್ತದೆ, ನಾಮಕರಣ ಆಮೇಲೆ ಆಗುತ್ತದೆ. ಆದ್ದರಿಂದ ಹಳೆಯ ರಿಜಿಸ್ಟರ್ ತೆರೆದರೆ ಹೆಸರಿನ ಕಾಲಂನಲ್ಲಿ ಮಾಸಿದ ಶಾಯಿಯ ಒಂದು ಅಡ್ಡಗೆರೆ, ಮುಂದಿನ ಕಾಲಂನಲ್ಲಿ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಇರುವ ನಮೂದುಗಳು ಪುಟಕ್ಕೆ ಹಲವು ಸಿಗುತ್ತವೆ. ಇದು ತಪ್ಪಲ್ಲ, ಅಪೂರ್ಣ ಮಾತ್ರ. ಪ್ರಕರಣ 14 ಮತ್ತು ನಿಯಮಗಳ ಪ್ರಕಾರ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕದೊಡನೆ ಹೆಸರನ್ನು ಸೇರಿಸಬಹುದು. ಈ ಅವಧಿಯನ್ನು ಸೂಚನಾ ಹಾಳೆಯಲ್ಲಿ ಎದ್ದು ಕಾಣುವಂತೆ ಅಚ್ಚು ಮಾಡಿಸಿ. ಮಗು ಪ್ರೌಢಶಾಲೆಗೆ ಹೋಗುವ ವಯಸ್ಸಿನಲ್ಲಿ ಈ ಸಾಲನ್ನು ಓದಿ ಎಚ್ಚೆತ್ತುಕೊಂಡ ತಂದೆತಾಯಿಗಳು ನನಗೆ ಗೊತ್ತು.

ನಾಲ್ಕನೆಯ ಹಂತ: ಸ್ಥಳದ ಪ್ರಶ್ನೆಗಳು

ಇಡೀ ಅರ್ಜಿಯಲ್ಲಿ ಹೆಚ್ಚು ಕಾಳಜಿಯಿಂದ ಬರೆಯಬೇಕಾದ ಭಾಗ ಇದೇ. ಜನನದ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ. ತಂದೆತಾಯಿಗಳ ವಾಸಸ್ಥಳದಲ್ಲಿ ಅಲ್ಲ. ಕಚೇರಿಯ ಒಳಗಿರುವ ನಮಗೆ ಇದು ಅ ಆ ಇ ಈ, ಹೊರಗಿನವರಿಗೆ ಹಾಗಲ್ಲ. ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಯಾರೇ ಆದರೂ ತಾವು ವಾಸವಿರುವ ಊರನ್ನೋ ಮನೆತನದ ಊರನ್ನೋ ಹೇಳುತ್ತಾರೆ. ಆದ್ದರಿಂದ ಒಂದು ಕಾಲಂ ಇದ್ದ ಕಡೆ ನಾಲ್ಕು ಪ್ರಶ್ನೆಗಳಿರಲಿ: ಹೆರಿಗೆ ಯಾವ ಊರಿನಲ್ಲಿ ಆಯಿತು? ಮನೆಯಲ್ಲೋ ಆಸ್ಪತ್ರೆಯಲ್ಲೋ? ಆಸ್ಪತ್ರೆಯಾದರೆ ಅದರ ಹೆಸರೇನು, ಅದು ಯಾವ ಪಟ್ಟಣದಲ್ಲಿದೆ? ತಾಯಿಯ ತವರೂರು ಯಾವುದು?

ಕೊನೆಯ ಪ್ರಶ್ನೆಗೆ ಕಾನೂನಿನಲ್ಲಿ ಆಧಾರವೇನು ಎಂದು ಮೇಲಧಿಕಾರಿಗಳು ಕೇಳಬಹುದು. ಅದು ಪ್ರಮಾಣಪತ್ರದಲ್ಲಿ ಅಚ್ಚಾಗುವ ವಿವರವಲ್ಲ, ಹುಡುಕಾಟಕ್ಕೆ ಬೇಕಾದ ಸುಳಿವು ಎಂದು ಉತ್ತರಿಸಿ, ಕಾಲಂನ ಮುಂದೆ ‘ಐಚ್ಛಿಕ’ ಎಂದು ಬರೆಯಿರಿ. ಆಸ್ಪತ್ರೆಯ ಹೆರಿಗೆಯಲ್ಲಿ ವರದಿ ಮಾಡುವ ಹೊಣೆ ಆಸ್ಪತ್ರೆಯದೇ ಆದ್ದರಿಂದ, ಹಳ್ಳಿಯ ಮಗುವಿನ ದಾಖಲೆ ಪುರಸಭೆಯ ಅಥವಾ ನಗರಸಭೆಯ ರಿಜಿಸ್ಟರ್‌ನಲ್ಲಿರುವುದು ಸಾಮಾನ್ಯ. ಚಲಿಸುತ್ತಿದ್ದ ಬಸ್ಸಿನಲ್ಲೋ ಆಂಬುಲೆನ್ಸ್‌ನಲ್ಲೋ ಹೆರಿಗೆಯಾಗಿದ್ದರೆ ವಾಹನ ಮೊದಲು ನಿಂತ ಸ್ಥಳವೇ ನೋಂದಣಿಯ ಸ್ಥಳ. ಇದಕ್ಕೂ ಸೂಚನಾ ಹಾಳೆಯಲ್ಲಿ ಒಂದು ಸಾಲು ಸಲ್ಲುತ್ತದೆ.

ಆಡಳಿತದ ಗಡಿಗಳು ಬದಲಾದುದರಿಂದ ಆಗುವ ಗೊಂದಲ ಇನ್ನೊಂದು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಜಿಲ್ಲೆಗಳಾದವು, 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. ತಾಲ್ಲೂಕುಗಳೂ ಒಡೆದವು: ಕೊಳ್ಳೇಗಾಲದಿಂದ ಹನೂರು, ಹೆಗ್ಗಡದೇವನಕೋಟೆಯಿಂದ ಸರಗೂರು, ಕುಂದಾಪುರದಿಂದ ಬೈಂದೂರು. 1990ರಲ್ಲಿ ಹನೂರಿನ ಹಳ್ಳಿಯೊಂದರಲ್ಲಿ ಹುಟ್ಟಿದವರ ದಾಖಲೆಯಲ್ಲಿ ತಾಲ್ಲೂಕು ಕೊಳ್ಳೇಗಾಲ, ಜಿಲ್ಲೆ ಮೈಸೂರು ಎಂದಿರುತ್ತದೆ. ಆದ್ದರಿಂದ ‘ಹುಟ್ಟಿದಾಗ ಇದ್ದ ತಾಲ್ಲೂಕು ಮತ್ತು ಜಿಲ್ಲೆ’, ‘ಈಗಿನ ತಾಲ್ಲೂಕು ಮತ್ತು ಜಿಲ್ಲೆ’ ಎಂಬ ಎರಡು ಸಾಲುಗಳು ಬೇಕು. ನಿಮ್ಮ ತಾಲ್ಲೂಕು ಹೊಸದಾಗಿದ್ದರೆ, ಯಾವ ವರ್ಷದ ಹಿಂದಿನ ರಿಜಿಸ್ಟರ್‌ಗಳು ಮಾತೃ ತಾಲ್ಲೂಕಿನಲ್ಲೇ ಉಳಿದಿವೆ ಎಂಬುದನ್ನು ವಿಚಾರಿಸಿ ಅರ್ಜಿಯ ಹಿಂಬದಿಯಲ್ಲಿ ಅಚ್ಚು ಮಾಡಿಸಿ. ಲಿಂಗನಮಕ್ಕಿ, ಆಲಮಟ್ಟಿ ಮುಂತಾದ ಅಣೆಕಟ್ಟೆಗಳ ಹಿನ್ನೀರಿನಲ್ಲಿ ಮುಳುಗಿದ ಊರುಗಳವರಿಗಂತೂ ಹಳೆಯ ಊರಿನ ಹೆಸರನ್ನು ಬರೆಯಲು ಜಾಗವೇ ಇಲ್ಲದ ಅರ್ಜಿಯನ್ನು ಕೊಡುವುದು ಅನ್ಯಾಯ. ಪುನರ್ವಸತಿ ಗ್ರಾಮದ ಹೆಸರು ಎಷ್ಟು ಬರೆದರೂ ಮುಳುಗಡೆಗೆ ಮುಂಚಿನ ರಿಜಿಸ್ಟರ್‌ನಲ್ಲಿ ಅದು ಸಿಗದು.

ಐದನೆಯ ಹಂತ: ದಿನಾಂಕ

‘ಜನ್ಮ ದಿನಾಂಕ’ ಎಂದು ಎಂಟು ಚೌಕ ಕೊಟ್ಟು ಸುಮ್ಮನಾದರೆ ಜನ ಶಾಲೆಯ ದಾಖಲೆಯ ದಿನಾಂಕವನ್ನು ತುಂಬುತ್ತಾರೆ. ಒಂದು ಪೀಳಿಗೆಯ ಎಷ್ಟು ಮಂದಿಯ ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿದೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಒಂದನೇ ತರಗತಿಗೆ ವಯಸ್ಸು ಕೂಡಿಬರಲೆಂದು ಮೇಷ್ಟರು ಬರೆದುಕೊಂಡ ದಿನ ಅದು. ಆ ದಿನಾಂಕ ಹಿಡಿದು ಹುಡುಕಿದರೆ ನಿಜವಾದ ನಮೂದು ಕಣ್ಣೆದುರಿದ್ದರೂ ದಾಟಿಹೋಗುತ್ತದೆ.

ಆದ್ದರಿಂದ ಮೂರು ಸಾಲು ಕೊಡಿ: ಶಾಲಾ ದಾಖಲೆಯ ದಿನಾಂಕ, ಮನೆಯವರು ಹೇಳುವ ದಿನಾಂಕ ಅಥವಾ ಕಾಲ, ಹುಡುಕಬೇಕಾದ ವರ್ಷಗಳು. ಎರಡನೆಯ ಸಾಲಿನಲ್ಲಿ ‘ಹಬ್ಬ, ತಿಥಿ, ಸಂವತ್ಸರ ಗೊತ್ತಿದ್ದರೆ ಬರೆಯಿರಿ’ ಎಂಬ ಸೂಚನೆ ಇರಲಿ. ‘ಯುಗಾದಿ ಕಳೆದ ಮೂರನೆಯ ದಿನ’ ಎಂದು ಅಜ್ಜಿ ಹೇಳಿದರೆ ತಿಂಗಳು ಸಿಕ್ಕಂತಾಯಿತು. ಸಂವತ್ಸರದ ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಒಂದು ಹೆಸರು ಮರಳಿ ಬರುವುದು 60 ವರ್ಷಗಳಿಗೊಮ್ಮೆ, ಹಾಗಾಗಿ ಪಂಚಾಂಗ ತೆಗೆದರೆ ವರ್ಷ ಖಚಿತವಾಗುತ್ತದೆ. ಜಾತಕ ಬರೆಸಿದ ಮನೆಗಳಲ್ಲಿ ಈ ವಿವರ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಸೂಕ್ಷ್ಮ: ರಿಜಿಸ್ಟರ್‌ನ ಕ್ರಮಸಂಖ್ಯೆ ಸಾಗುವುದು ನೋಂದಣಿಯಾದ ದಿನದ ಕ್ರಮದಲ್ಲಿ, ಹುಟ್ಟಿದ ದಿನದ ಕ್ರಮದಲ್ಲಿ ಅಲ್ಲ, ಪ್ರತಿ ಜನವರಿಯಲ್ಲಿ ಸಂಖ್ಯೆ ಮತ್ತೆ ಒಂದರಿಂದ ಆರಂಭವಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ರಿಜಿಸ್ಟರ್‌ನ ಮೊದಲ ಪುಟಗಳಲ್ಲಿರಬಹುದು. ಕಚೇರಿ ಬಳಕೆಯ ಭಾಗದಲ್ಲಿ ‘ಮರುವರ್ಷದ ರಿಜಿಸ್ಟರ್ ನೋಡಲಾಗಿದೆ’ ಎಂಬ ಚೌಕವನ್ನು ಸೇರಿಸಿದರೆ ಹುಡುಕುವವರು ಅದನ್ನು ಮರೆಯುವುದಿಲ್ಲ.

ಆರನೆಯ ಹಂತ: ಹೆಸರುಗಳು

ತಾಯಿಯ ಹೆಸರು ಮೊದಲು ಬರಲಿ. ಮಗುವಿನ ಹೆಸರೇ ಇಲ್ಲದ ನಮೂದುಗಳಲ್ಲಿ ನಮ್ಮನ್ನು ಕೈಹಿಡಿದು ನಡೆಸುವುದು ತಾಯಿಯ ಮತ್ತು ತಂದೆಯ ಹೆಸರುಗಳೇ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಎರಡೂ ಹೆಸರಿಗೆ ಜಾಗವಿರಲಿ. ಮನೆಯಲ್ಲಿ ಕರೆಯುವ ಹೆಸರಿಗೂ ಒಂದು ಸಾಲಿರಲಿ, ಏಕೆಂದರೆ ವರದಿ ಕೊಟ್ಟವರು ‘ಪುಟ್ಟಮ್ಮ’ ಎಂದೇ ಬರೆಸಿರುವುದುಂಟು. ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಲು ಹೇಳಿ. ಪಾಸ್‌ಪೋರ್ಟ್‌ಗಾಗಿ ಬರುವವರಿಗೆ ಇಂಗ್ಲಿಷ್ ಅಕ್ಷರ ಜೋಡಣೆಯೇ ಮುಖ್ಯವಾದ್ದರಿಂದ ಅದಕ್ಕೆ ಪ್ರತ್ಯೇಕ ಚೌಕಗಳ ಸಾಲು ಬೇಕು.

ತಂದೆಯ ಹೆಸರನ್ನು ಕಡ್ಡಾಯ ಕಾಲಂ ಮಾಡಬೇಡಿ. ಅವಿವಾಹಿತ ತಾಯಿ ಮಗುವಿನ ತಂದೆಯ ಹೆಸರನ್ನು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. 2023ರ ತಿದ್ದುಪಡಿಯೂ ಒಂಟಿ ಪೋಷಕರ, ಅವಿವಾಹಿತ ತಾಯಂದಿರ, ದತ್ತು ಮಕ್ಕಳ, ಬಾಡಿಗೆ ತಾಯ್ತನದಿಂದ ಜನಿಸಿದ ಮಕ್ಕಳ ವಿಷಯದಲ್ಲಿ ಯಾರು ವರದಿ ಮಾಡಬೇಕೆಂಬುದನ್ನು ಸ್ಪಷ್ಟಪಡಿಸಿದೆ. ಕೌಂಟರ್‌ನಲ್ಲಿ ಹತ್ತು ಜನರ ಎದುರಿಗೆ ‘ತಂದೆಯ ಹೆಸರು ಖಾಲಿ ಬಿಟ್ಟಿದ್ದೀರಲ್ಲ’ ಎಂದು ಕೇಳಿಸಿಕೊಳ್ಳುವ ತಾಯಿಯ ಮುಖವನ್ನು ಒಮ್ಮೆ ನೋಡಿದವರು ಆ ಕಾಲಂಗೆ ನಕ್ಷತ್ರದ ಗುರುತು ಹಾಕಲಾರರು. ಲಿಂಗ ಪರಿವರ್ತಿತ ವ್ಯಕ್ತಿಗಳ ಹಕ್ಕುಗಳ 2019ರ ಅಧಿನಿಯಮದ ಪ್ರಕಾರ, ಗುರುತಿನ ಪ್ರಮಾಣಪತ್ರ ಪಡೆದವರು ಜನನ ಪ್ರಮಾಣಪತ್ರದಲ್ಲಿ ತಮ್ಮ ಮೊದಲ ಹೆಸರನ್ನು ಬದಲಿಸಿಕೊಳ್ಳಲು ಹಕ್ಕುಳ್ಳವರು. ತಿದ್ದುಪಡಿಯ ಕಾರಣಗಳ ಪಟ್ಟಿಯಲ್ಲಿ ಇದೂ ಒಂದು ಸಾಲಾಗಿ ಸೇರಬೇಕು.

ಏಳನೆಯ ಹಂತ: ತೆಗೆದುಹಾಕಬೇಕಾದವು

ಜಾತಿ, ಧರ್ಮ, ವಾರ್ಷಿಕ ಆದಾಯ, ಪಡಿತರ ಚೀಟಿಯ ಸಂಖ್ಯೆ: ನಕಲು ಕೋರುವ ಅರ್ಜಿಯಲ್ಲಿ ಇವಕ್ಕೆ ಕೆಲಸವಿಲ್ಲ. ಆಧಾರ್ ಸಂಖ್ಯೆಯ ವಿಷಯದಲ್ಲಿ ಗೊಂದಲ ಹೆಚ್ಚು. ತಿದ್ದುಪಡಿಯಾದ ಪ್ರಕರಣ 8 ಕೇಳುವುದು ಜನನ ವರದಿ ಮಾಡುವಾಗ ತಂದೆತಾಯಿಗಳ ಮತ್ತು ವರದಿ ಕೊಡುವವರ ಆಧಾರ್ ಸಂಖ್ಯೆಯನ್ನು, ಅದೂ ಲಭ್ಯವಿದ್ದರೆ. 1985ರ ರಿಜಿಸ್ಟರ್‌ನಲ್ಲಿ ಆಧಾರ್ ಸಂಖ್ಯೆಯೇ ಇಲ್ಲದಿರುವಾಗ ಅದು ಹುಡುಕಾಟಕ್ಕೆ ಒದಗುವುದಿಲ್ಲ. ಅರ್ಜಿದಾರರ ಗುರುತಿಗೆ ಯಾವುದಾದರೊಂದು ಗುರುತಿನ ಚೀಟಿ ನೋಡಿದರೆ ಸಾಕು.

ಎಂಟನೆಯ ಹಂತ: 2023ರ ತಿದ್ದುಪಡಿಗೆ ತಕ್ಕಂತೆ ಸೂಚನೆಗಳು

ಈ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಹಳೆಯ ಸೂಚನಾ ಹಾಳೆಯಲ್ಲಿ ತಪ್ಪಾಗಿ ಉಳಿದಿರುವ ಸಾಲುಗಳನ್ನು ಒಂದೊಂದಾಗಿ ತಿದ್ದಿ. ನೋಂದಣಿಯಾದ 7 ದಿನಗಳೊಳಗೆ, ವರದಿ ಮಾಡಿದವರಿಗೆ ಮೊದಲ ಪ್ರಮಾಣಪತ್ರವನ್ನು ಎಲೆಕ್ಟ್ರಾನಿಕ್ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ ಉಚಿತವಾಗಿ ಕೊಡಬೇಕು. ಮಗು ಹುಟ್ಟಿದ 30 ದಿನಗಳ ನಂತರ, ಒಂದು ವರ್ಷದೊಳಗೆ ಬರುವ ತಡವಾದ ವರದಿಗೆ ಹಿಂದೆ ಬೇಕಾಗಿದ್ದ ನೋಟರಿ ಅಫಿಡವಿಟ್‌ನ ಜಾಗದಲ್ಲಿ ಈಗ ಸ್ವಯಂ ದೃಢೀಕರಿಸಿದ ದಾಖಲೆ ಇದೆ. ಜಿಲ್ಲಾ ನೋಂದಣಾಧಿಕಾರಿಯ ಅಥವಾ ನಿಗದಿತ ಪ್ರಾಧಿಕಾರದ ಲಿಖಿತ ಅನುಮತಿ ಮೊದಲಿನಂತೆಯೇ ಬೇಕು. ಒಂದು ವರ್ಷ ಮೀರಿದ್ದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಆದೇಶ ತರಬೇಕೆಂಬ ಹಳೆಯ ಸಾಲನ್ನು ತೆಗೆದು, ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ನೀಡಿದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಎಂದು ಬರೆಯಿರಿ. ಆ ಅಧಿಕಾರಿಯ ವ್ಯಾಪ್ತಿಯೂ ಹುಟ್ಟಿದ ಸ್ಥಳದ್ದೇ ಆಗಿರಬೇಕು. ಶುಲ್ಕದ ಮೊತ್ತವನ್ನು ನಮೂನೆಯಲ್ಲಿ ಅಚ್ಚು ಹಾಕಿಸಬೇಡಿ. ಅದು ಬದಲಾಗುತ್ತಿರುತ್ತದೆ, ಸೂಚನಾ ಫಲಕದಲ್ಲಿ ಇರಲಿ.

2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಪಾಸ್‌ಪೋರ್ಟ್, ಆಧಾರ್ ಮುಂತಾದವುಗಳಲ್ಲಿ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಪುರಾವೆ. ಈ ನಿಯಮ ಅದಕ್ಕೆ ಮುಂಚೆ ಹುಟ್ಟಿದವರಿಗೆ ಅನ್ವಯಿಸುವುದಿಲ್ಲವೆಂಬುದನ್ನು ಅದೇ ಪ್ಯಾರಾದಲ್ಲಿ ಸೇರಿಸದಿದ್ದರೆ, ಅರವತ್ತು ದಾಟಿದವರು ಗಾಬರಿಯಿಂದ ಸಾಲುಗಟ್ಟಿ ನಿಲ್ಲುತ್ತಾರೆ.

ತಿದ್ದುಪಡಿ ಕೋರುವವರಿಗೆ ತಿಳಿಸಬೇಕಾದುದು ಇಷ್ಟು: ಮೂಲ ನಮೂದನ್ನು ಅಳಿಸುವುದಿಲ್ಲ, ಪ್ರಕರಣ 15ರಂತೆ ಅಂಚಿನಲ್ಲಿ ಸರಿಯಾದುದನ್ನು ಬರೆದು ಸಹಿ, ದಿನಾಂಕ ಹಾಕಲಾಗುತ್ತದೆ. ಬರವಣಿಗೆಯ ಸಣ್ಣ ತಪ್ಪಾದರೆ ಒಂದು ದಾರಿ. ಸಾರಭೂತ ತಪ್ಪಾದರೆ, ಅಂದರೆ ದಾಖಲಾದ ವಿವರವೇ ತಪ್ಪಾಗಿದ್ದರೆ, ವಿಷಯ ಬಲ್ಲ ಇಬ್ಬರು ವಿಶ್ವಾಸಾರ್ಹ ವ್ಯಕ್ತಿಗಳ ಹೇಳಿಕೆಯೂ ಬೇಕು. ಆ ಇಬ್ಬರ ಹೇಳಿಕೆಗೆ ಅರ್ಜಿಯ ಹಿಂಬದಿಯಲ್ಲೇ ಜಾಗ ಮಾಡಿ, ಇನ್ನೊಂದು ಕಾಗದಕ್ಕೆ ಅಲೆಸಬೇಡಿ.

ಒಂಬತ್ತನೆಯ ಹಂತ: ಕಚೇರಿ ಬಳಕೆಯ ಭಾಗ ಮತ್ತು ಹಿಂಬರಹ

‘ಲಭ್ಯವಿಲ್ಲ’ ಎಂಬ ಒಂದೇ ಪದದ ಹಿಂಬರಹ ಯಾರಿಗೂ ಉಪಯೋಗಕ್ಕೆ ಬಾರದು. ಯಾವ ಗ್ರಾಮದ, ಯಾವ ವರ್ಷದಿಂದ ಯಾವ ವರ್ಷದವರೆಗಿನ ರಿಜಿಸ್ಟರ್‌ಗಳನ್ನು ನೋಡಲಾಯಿತು, ನಡುವೆ ಯಾವ ಸಂಪುಟ ಶಿಥಿಲವಾಗಿದೆ ಅಥವಾ ಇಲ್ಲ, ಬೇರೆ ಯಾವ ಕಚೇರಿಯಲ್ಲಿ ವಿಚಾರಿಸಬಹುದು ಎಂಬುದಕ್ಕೆ ಸಾಲುಗಳಿರಲಿ. ನಮೂನೆ 10 ಬೇಕೇ ಎಂಬ ಚೌಕವೂ ಇರಲಿ. ಅಮೆರಿಕದ ವಲಸೆ ಅರ್ಜಿಗಾಗಿ ಅಲ್ಲಿನ ಕನ್ನಡಿಗರು ಊರಿನ ಸಂಬಂಧಿಕರ ಕೈಯಲ್ಲಿ ಹೇಳಿಕಳುಹಿಸುವುದು ಬಹಳ ಸಲ ಇದನ್ನೇ. ಕೊನೆಯಲ್ಲಿ, ನೋಂದಣಾಧಿಕಾರಿಯ ಕ್ರಮದಿಂದ ಬಾಧಿತರಾದವರು ಪ್ರಕರಣ 25ಎ ಪ್ರಕಾರ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ಅದು 90 ದಿನಗಳೊಳಗೆ ತೀರ್ಮಾನವಾಗಬೇಕು ಎಂಬ ವಾಕ್ಯವನ್ನು ತಪ್ಪದೆ ಅಚ್ಚು ಮಾಡಿಸಿ. ಸ್ವೀಕೃತಿ ಚೀಟಿಯಲ್ಲಿ ಸಕಾಲ (ನಿಗದಿತ ದಿನದೊಳಗೆ ಸೇವೆ ನೀಡುವ ಯೋಜನೆ) ಸಂಖ್ಯೆಗೂ ಉತ್ತರ ಸಿಗುವ ದಿನಾಂಕಕ್ಕೂ ಜಾಗವಿರಲಿ.

ಹತ್ತನೆಯ ಹಂತ: ಭಾಷೆ, ಪರೀಕ್ಷೆ, ಹಳೆಯದನ್ನು ಹಿಂತೆಗೆಯುವುದು

‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಎಂಬ ಪದಗಳನ್ನು ಕಡತದಲ್ಲೇ ಬಿಟ್ಟು, ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಕೇಳಿ. ಅಕ್ಷರ ದಪ್ಪವಾಗಿರಲಿ, ಬರೆಯುವ ಸಾಲಿನ ಎತ್ತರ ಕನ್ನಡದ ಒತ್ತಕ್ಷರಗಳಿಗೆ ಸಾಕಾಗುವಷ್ಟಿರಲಿ. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಸಣ್ಣ ಚೌಕದಲ್ಲಿ ‘ಲಕ್ಷ್ಮಮ್ಮ’ ಎಂದು ಬರೆದು ನೋಡಿದರೆ ನಾನು ಹೇಳುವುದು ತಿಳಿಯುತ್ತದೆ.

ಕರಡು ಸಿದ್ಧವಾದ ಮೇಲೆ ಸಾಲಿನಲ್ಲಿ ನಿಂತಿರುವ ಹತ್ತು ಮಂದಿಯಿಂದ ಅದನ್ನು ತುಂಬಿಸಿ. ಅವರಲ್ಲಿ ಓದು ಬಾರದವರಿಬ್ಬರಾದರೂ ಇರಲಿ, ಅವರ ಪರವಾಗಿ ಬರೆದುಕೊಡುವವರು ಎಲ್ಲಿ ತಡವರಿಸುತ್ತಾರೆಂದು ಪಕ್ಕದಲ್ಲಿ ಕುಳಿತು ಗಮನಿಸಿ, ಆದರೆ ಬಾಯಿ ಬಿಟ್ಟು ವಿವರಿಸಬೇಡಿ. ನೀವು ವಿವರಿಸಬೇಕೆನಿಸಿದ ಪ್ರತಿಯೊಂದು ಕಡೆಯೂ ಪ್ರಶ್ನೆಯನ್ನು ಮತ್ತೆ ಬರೆಯಬೇಕು. ತುಂಬಿದ ಹತ್ತನ್ನೂ ಅಭಿಲೇಖಾಲಯದವರಿಗೆ ಕೊಟ್ಟು, ಅರ್ಜಿದಾರರನ್ನು ಮತ್ತೆ ಕರೆಯದೆ ಎಷ್ಟು ದಾಖಲೆ ಸಿಕ್ಕಿತೆಂದು ನೋಡಿ.

ಅನುಮೋದನೆ ಸಿಕ್ಕ ಬಳಿಕ ಪುಟದ ಕೆಳಗೆ ‘ಪರಿಷ್ಕೃತ ನಮೂನೆ’ ಎಂದೂ ತಿಂಗಳು, ವರ್ಷವನ್ನೂ ಹಾಕಿ. ಹಳೆಯ ಕಟ್ಟುಗಳನ್ನು ಬೀರುವಿನಿಂದ ತೆಗೆಸಿ. ನಂತರ ಕಚೇರಿಯ ಗೇಟಿನ ಎದುರಿರುವ ಜೆರಾಕ್ಸ್ ಅಂಗಡಿಗೆ ನೀವೇ ಹೋಗಿ, ಅಲ್ಲಿ ದಾರದಲ್ಲಿ ತೂಗುಹಾಕಿರುವ ಹಳೆಯ ಮೂಲಪ್ರತಿಯನ್ನು ಕೇಳಿ ಪಡೆದು, ಹೊಸದನ್ನು ಕೊಟ್ಟು ಬನ್ನಿ. ಹೆಚ್ಚಿನವರು ಅರ್ಜಿಯನ್ನು ಕೊಳ್ಳುವುದು ಅಲ್ಲಿಂದಲೇ.